ಮೂರು ನಿಮಿಷದ ರೆಕಾರ್ಡ್‌ನಲ್ಲಿ ಸಿಗದ ಜಾಝ್

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಒಂದು ಸಣ್ಣ ಜಾಝ್ ಬ್ಯಾಂಡಿನಲ್ಲಿ ನಾನು ಕ್ಲಾರಿನೆಟ್ ನುಡಿಸುತ್ತೇನೆ. ನಮ್ಮದು ಹೆಚ್ಚಾಗಿ 1920ರ ದಶಕದ ಟ್ಯೂನ್‌ಗಳು. ಹಳೆಯ ರೆಕಾರ್ಡ್ ಇದೆಯಲ್ಲ, ಕೇಳಿಕೊಂಡು ಹಾಗೇ ನುಡಿಸಿದರೆ ಆಯ್ತು ಅಂತ ತುಂಬಾ ಜನ ಹೇಳುತ್ತಾರೆ. ಆದರೆ ಆ ರೆಕಾರ್ಡ್‌ಗಳಲ್ಲಿ ಪೂರ್ತಿ ಬ್ಯಾಂಡ್ ಇಲ್ಲ. ಅಲ್ಲಿ ಇಲ್ಲದ್ದನ್ನು ಹುಡುಕುವುದೇ ನಮ್ಮ ಕೆಲಸ.

ಕಾರ್ನೆಟ್ ಎಂಬ ತುತ್ತೂರಿ ನುಡಿಸುತ್ತಿದ್ದ ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡನ್ನೇ ನೋಡಿ. 1923ರ ಏಪ್ರಿಲ್‌ನಲ್ಲಿ ಅವರು ಶಿಕಾಗೋದಿಂದ ಇಂಡಿಯಾನಾದ ರಿಚ್ಮಂಡ್‌ಗೆ ಹೋಗಿ ಜೆನೆಟ್ ಎಂಬ ರೆಕಾರ್ಡ್ ಕಂಪನಿಗೆ ನುಡಿಸಿದರು. ಆಗ ಮೈಕ್ ಇರಲಿಲ್ಲ. ಎಲ್ಲರೂ ಸದ್ದು ಹಿಡಿಯುವ ಒಂದು ದೊಡ್ಡ ಕೊಳವೆಯ ಮುಂದೆ ನಿಲ್ಲಬೇಕು. ಡ್ರಮ್ ಜೋರಾಗಿ ಬಾರಿಸಿದರೆ ಆ ಸದ್ದನ್ನು ಮೇಣದ ಮೇಲೆ ಕೆತ್ತುವ ಸೂಜಿಯೇ ಎಗರುವ ಭಯ. ಹಾಗಾಗಿ ಬೇಬಿ ಡಾಡ್ಸ್‌ನಂಥ ಡ್ರಮ್ಮರ್ ಮರದ ತುಂಡು ತಟ್ಟಿಕೊಂಡು ಕೂರಬೇಕಾಯಿತು. ಬಾಸ್ ನುಡಿಸುವ ಬಿಲ್ ಜಾನ್ಸನ್ ಬ್ಯಾಂಜೋ ಹಿಡಿದರು. ಎರಡನೇ ಕಾರ್ನೆಟ್ ಲೂಯಿ ಆರ್ಮ್‌ಸ್ಟ್ರಾಂಗ್ ಅವರದು. ಅವರ ನಾದ ಬಹಳ ಜೋರು ಅಂತ ಅವರನ್ನು ದೂರ ನಿಲ್ಲಿಸಿದರಂತೆ. ಇಷ್ಟರ ಮೇಲೆ, ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ.

ನಾನು ಮೊದಲು ಶ್ರುತಿ ನೋಡುತ್ತೇನೆ. ಆಗಿನ ಯಂತ್ರಗಳು ಯಾವಾಗಲೂ ಸರಿಯಾಗಿ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿ ತಿರುಗುತ್ತಿರಲಿಲ್ಲ. ಬಿ ಫ್ಲ್ಯಾಟ್, ಬಿ ಎಂಬ ಪಕ್ಕಪಕ್ಕದ ಎರಡು ಶ್ರುತಿಗಳ ನಡುವೆ ಎಲ್ಲೋ ಟ್ಯೂನ್ ನಿಂತಿರುತ್ತದೆ. ಕಾರ್ನೆಟ್, ಕ್ಲಾರಿನೆಟ್‌ನವರಿಗೆ ಬಿ ಫ್ಲ್ಯಾಟ್‌ನಂಥ ಫ್ಲ್ಯಾಟ್ ಶ್ರುತಿಗಳೇ ಸಲೀಸು. ಅದಕ್ಕೆ ಬಿ ಫ್ಲ್ಯಾಟ್ ಅಂತ ಹಿಡಿದು ಕಂಪ್ಯೂಟರಿನಲ್ಲಿ ವೇಗ ತಗ್ಗಿಸುತ್ತೇನೆ. ಆಗ ಟ್ಯೂನಿನ ನಡೆಯೂ ಸ್ವಲ್ಪ ನಿಧಾನವಾಗುತ್ತದೆ. ಕುಣಿಯುವವರ ಕಾಲಿಗೆ ಅದೇ ಹೆಚ್ಚು ಒಗ್ಗುತ್ತದೆ.

ನಂತರ ಡ್ರಮ್. ಬೇಬಿ ಡಾಡ್ಸ್ 1940ರ ದಶಕದಲ್ಲಿ ತಮ್ಮ ಕೈಚಳಕವನ್ನು ಮಾತಿನಲ್ಲೂ ಬಾರಿಸಿಯೂ ವಿವರಿಸಿ ರೆಕಾರ್ಡ್ ಮಾಡಿದ್ದಾರೆ. ಸ್ನೇರ್ ಡ್ರಮ್ ಮೇಲೆ ಕಡ್ಡಿ ಒತ್ತಿ ಉರುಳಿಸುವ ಆ ಸದ್ದನ್ನು ನಮ್ಮ ಡ್ರಮ್ಮರ್ ಅಲ್ಲಿಂದಲೇ ಕಲಿತ. ಅದನ್ನು 1923ರ ಟ್ಯೂನ್‌ಗಳ ಕೆಳಗೆ ಇಟ್ಟ ದಿನ ಇಡೀ ಬ್ಯಾಂಡ್ ಬೇರೆ ಥರ ಉಸಿರಾಡಿತು.

ಹಾಗಾದರೆ ರೆಕಾರ್ಡ್‌ನಲ್ಲಿ ಇರುವುದನ್ನು ಎಷ್ಟು ಉಳಿಸಿಕೊಳ್ಳಬೇಕು? 'ಡಿಪ್ಪರ್ ಮೌತ್ ಬ್ಲೂಸ್' ಕಲಿಯುವಾಗ ಈ ಬಗ್ಗೆ ತುಂಬಾ ಜಗಳಾಡಿದೆವು. ಅದರಲ್ಲಿ ಆಲಿವರ್ ಕಾರ್ನೆಟ್ ಬಾಯಿಗೆ ಮ್ಯೂಟ್ ಎಂಬ ಮುಚ್ಚಳ ಹಿಡಿದು ಮೂರು ಸುತ್ತು ನುಡಿಸುತ್ತಾರೆ, ಒಂದೊಂದು ಸುತ್ತಿಗೂ ನಾಲ್ಕು ಏಟಿನ 12 ಬಾರ್. ಅದನ್ನು ಒಂದು ಸ್ವರವೂ ಬಿಡದೆ ಉಳಿಸಿಕೊಂಡೆವು. ಎಷ್ಟೋ ಬ್ಯಾಂಡ್‌ಗಳು ನುಡಿಸಿ ನುಡಿಸಿ ಅದು ಟ್ಯೂನಿನ ಭಾಗವೇ ಆಗಿಬಿಟ್ಟಿದೆ. ಆದರೆ ಅದೇ ಬ್ಯಾಂಡಿನ ಜಾನಿ ಡಾಡ್ಸ್ ಅವರ ಕ್ಲಾರಿನೆಟ್ ಸುತ್ತುಗಳ ದಾರಿ ಮಾತ್ರ ಇಟ್ಟುಕೊಂಡು ಸ್ವರಗಳನ್ನು ನಾನೇ ಹುಡುಕುತ್ತೇನೆ. ಬ್ಯಾಂಡ್ ನಿಂತು ನಿಂತು ಒಂದೊಂದೇ ಏಟು ಕೊಡುತ್ತದೆ, ನಡುವಿನ ಜಾಗವೆಲ್ಲ ನನ್ನದು. ಅಲ್ಲಿ ಬೇರೆಯವರ ಸ್ವರ ಒಪ್ಪಿಸಿದರೆ ಜೀವ ಇರುವುದಿಲ್ಲ.

ನನಗೆ ಜಾಸ್ತಿ ಕಷ್ಟವಾದದ್ದು ಎಲ್ಲರೂ ಒಟ್ಟಿಗೆ ನುಡಿಸುವ ಭಾಗ. ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿ ನನ್ನದು. ಅಲ್ಲಿ ಪಿಟೀಲು ಹಾಡುವವರ ಬೆನ್ನಿಗೇ ಹೋಗುತ್ತದೆ. ಇಲ್ಲಿ ಕಾರ್ನೆಟ್ ಹಾಡು ಹೇಳುವಾಗ ಕ್ಲಾರಿನೆಟ್ ಅದನ್ನು ಹಿಂಬಾಲಿಸಬಾರದು. ಮೇಲಿನ ಸ್ಥಾಯಿಯಲ್ಲಿ ತನ್ನದೇ ಎಳೆ ಹೆಣೆಯುತ್ತಾ, ಕಾರ್ನೆಟ್ ಉಸಿರು ಬಿಟ್ಟಲ್ಲಿ ನುಗ್ಗಬೇಕು. ಕೆಳಗೆ ಟ್ರಾಂಬೋನ್ ಒಂದು ಕಾರ್ಡ್‌ನಿಂದ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನಿಂದ) ಇನ್ನೊಂದಕ್ಕೆ ಜಾರುತ್ತಾ ಬರುತ್ತದೆ. ಅದಕ್ಕೇ ಅಭ್ಯಾಸದಲ್ಲಿ ನಾವು ಮೊದಲು ಮೂರು ಊದುವ ವಾದ್ಯ ಮಾತ್ರ ನುಡಿಸುತ್ತೇವೆ. ಡ್ರಮ್ ಇಲ್ಲ, ಬ್ಯಾಂಜೋ ಇಲ್ಲ. ಯಾರು ಯಾರ ಕಾಲು ತುಳಿಯುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ.

ಈ ಊರಿಗೂ ಈ ಕೆಲಸಕ್ಕೂ ಹಳೆಯ ನಂಟಿದೆ. 1940ರ ಸುಮಾರಿಗೆ ಲೂ ವಾಟರ್ಸ್ ಅವರ ಯೆರ್ಬಾ ಬುಯೆನಾ ಜಾಝ್ ಬ್ಯಾಂಡ್ ಸ್ಯಾನ್ ಫ್ರಾನ್ಸಿಸ್ಕೋದ ಡಾನ್ ಕ್ಲಬ್‌ನಲ್ಲಿ ಆಲಿವರ್ ಟ್ಯೂನ್‌ಗಳನ್ನು ಮತ್ತೆ ಎಬ್ಬಿಸಿತು. ಅವರ ಟ್ಯೂಬಾ (ಮಂದ್ರದ ದೊಡ್ಡ ಊದುವ ವಾದ್ಯ), ಬ್ಯಾಂಜೋಗಳ ಭಾರವಾದ ನಡೆ ನನಗೆ ಇಷ್ಟ. ಆದರೂ ಆಲಿವರ್ ತಾಳ ಅಷ್ಟು ಕುಟ್ಟುವುದಿಲ್ಲ. ನಾಲ್ಕೂ ಏಟು ಸಮನಾಗಿ ಹರಿಯುತ್ತವೆ. ನಮ್ಮ ಬ್ಯಾಂಡಿನಲ್ಲಿ ಟ್ಯೂಬಾ ಬದಲು ತಂತಿಯ ಬಾಸ್ ಇರುವುದು ಅದಕ್ಕೇ.

ರೆಕಾರ್ಡ್‌ನಲ್ಲಿ ಒಂಚೂರೂ ಸಿಗದ ಇನ್ನೊಂದು ವಿಷಯ ಮೆಲುದನಿ. ಕೊಳವೆಯ ಮುಂದೆ ಮೆಲ್ಲಗೆ ನುಡಿಸಿದರೆ ಏನೂ ದಾಖಲಾಗುತ್ತಿರಲಿಲ್ಲ, ಅಲ್ವಾ? ಆದರೆ ಶಿಕಾಗೋದ ಲಿಂಕನ್ ಗಾರ್ಡನ್ಸ್ ಎಂಬ ಕುಣಿತದ ಹಾಲ್‌ನಲ್ಲಿ ಆಲಿವರ್ ಬ್ಯಾಂಡಿನ ಸದ್ದು ತಗ್ಗಿಸಿದರೆ ಕುಣಿಯುವವರ ಕಾಲಿನ ಸಪ್ಪಳ ಕೇಳಿಸುತ್ತಿತ್ತಂತೆ. ನಾವೂ ಕೊನೆಯ ಜೋರಿಗೆ ಮುಂಚೆ ಅಂಥ ಎರಡು ಸುತ್ತು ಇಟ್ಟಿದ್ದೇವೆ. ಸಣ್ಣ ಹಾಲ್‌ಗಳಲ್ಲಿ ಮೈಕ್ ಬೇಡ ಅಂತ ಮೊದಲೇ ಹೇಳಿಬಿಡುತ್ತೇವೆ. ಮೈಕ್ ಇದ್ದರೆ ಮೆಲ್ಲಗೆ ನುಡಿಸುವುದಕ್ಕೆ ಅರ್ಥವೇ ಇರುವುದಿಲ್ಲ. ಟ್ಯೂನ್ ಎಷ್ಟು ಹೊತ್ತು ಅನ್ನುವುದನ್ನೂ ಕುಣಿಯುವವರಿಗೇ ಬಿಟ್ಟಿದ್ದೇವೆ. ಜೋಡಿಗಳು ಇನ್ನೂ ಹುರುಪಿನಲ್ಲಿದ್ದರೆ ಕಾರ್ನೆಟ್‌ನವನು ಬೆರಳೆತ್ತುತ್ತಾನೆ, ಇನ್ನೊಂದು ಸುತ್ತು.

ಈಗ ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರ 1926ರ 'ಬ್ಲ್ಯಾಕ್ ಬಾಟಮ್ ಸ್ಟಾಂಪ್' ಹಿಡಿದಿದ್ದೇವೆ. ಅಷ್ಟು ಹೊತ್ತಿಗೆ ಮೈಕ್ ಬಂದಿತ್ತು, ಬಾಸ್ ಸ್ಪಷ್ಟವಾಗಿ ಕೇಳುತ್ತದೆ. ಅದರಲ್ಲಿ ಬರೆದದ್ದು ಯಾವುದು, ಅಲ್ಲೇ ಹೊಳೆದದ್ದು ಯಾವುದು ಅಂತ ಬೇರೆ ಮಾಡುವುದರಲ್ಲಿ ಸದ್ಯ ಮುಳುಗಿದ್ದೇನೆ.