ಹಳೆಯ ಲ್ಯಾಪ್‌ಟಾಪ್‌ನಿಂದ ದೂರದ ಕೋಣೆಗೆ ವೈಫೈ: ನಾನು ಮಾಡಿಕೊಂಡ ಏರ್ಪಾಡು

ರೌಟರ್ ಮನೆಯ ಒಂದು ತುದಿಯಲ್ಲಿ, ನಾನು ಕೆಲಸ ಮಾಡುವ ಕೋಣೆ ಇನ್ನೊಂದು ತುದಿಯಲ್ಲಿ. ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಬೀರು. ಕೋಣೆಗೆ ಬಂದರೆ ಸಿಗ್ನಲ್ ಒಂದು ಗೆರೆಗೆ ಇಳಿಯುತ್ತಿತ್ತು. ವಿಡಿಯೋ ಕರೆಯಲ್ಲಿ ಮಾತು ತುಂಡು ತುಂಡಾಗುತ್ತಿತ್ತು. ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಕೊಳ್ಳುವ ಬದಲು, ಬಳಸದೆ ಇಟ್ಟಿದ್ದ ಹಳೆಯ ಲ್ಯಾಪ್‌ಟಾಪಿಗೇ ಆ ಕೆಲಸ ಹಚ್ಚಿದೆ. ಈಗಲೂ ಅದೇ ನಡೆಸಿಕೊಂಡು ಹೋಗುತ್ತಿದೆ.

ಇದರಲ್ಲಿ ಸಾಫ್ಟ್‌ವೇರ್ ಸೆಟ್ಟಿಂಗ್ ಕಷ್ಟದ್ದಲ್ಲ. ಲ್ಯಾಪ್‌ಟಾಪನ್ನು ಎಲ್ಲಿಡಬೇಕು, ಅದಕ್ಕೆ ಇಂಟರ್‌ನೆಟ್ ಯಾವ ದಾರಿಯಿಂದ ಬರಬೇಕು, ಈ ಎರಡೇ ಮುಖ್ಯ. ಅದಕ್ಕೇ ಇವುಗಳ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಮೊದಲು ಸೆಟ್ಟಿಂಗ್ ಮುಗಿಸಿಬಿಡೋಣ. ವಿಂಡೋಸ್ 7ರ ಕಾಲದಲ್ಲಿ ಇದಕ್ಕೆ ಕಮಾಂಡ್ ಟೈಪ್ ಮಾಡಬೇಕಿತ್ತು. 2016ರಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್‌ನಿಂದ ಈಚೆಗೆ ಸೆಟ್ಟಿಂಗ್ಸ್ ಒಳಗೇ ಮೊಬೈಲ್ ಹಾಟ್‌ಸ್ಪಾಟ್ ಅನ್ನುವ ಬಟನ್ ಇದೆ. ನೆಟ್‌ವರ್ಕ್ ಅಂಡ್ ಇಂಟರ್‌ನೆಟ್‌ಗೆ ಹೋಗಿ, ಮೊಬೈಲ್ ಹಾಟ್‌ಸ್ಪಾಟ್ ತೆರೆಯಿರಿ. ಯಾವ ಸಂಪರ್ಕವನ್ನು ಹಂಚಬೇಕು ಅನ್ನುವ ಜಾಗದಲ್ಲಿ ವೈಫೈ ಆರಿಸಿ, ಹೊಸ ಹೆಸರು, ಪಾಸ್‌ವರ್ಡ್ ಕೊಟ್ಟು ಆನ್ ಮಾಡಿ. ಅಷ್ಟೇ. ಎಂಟು ಸಾಧನಗಳವರೆಗೆ ಸೇರಿಸಬಹುದು. ಬಟನ್ ಒತ್ತಿದರೂ ಆನ್ ಆಗದಿದ್ದರೆ ಬಹಳ ಸಲ ವೈಫೈ ಕಾರ್ಡಿನ ಡ್ರೈವರ್ ಹಳೆಯದಾಗಿರುತ್ತದೆ. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಹೊಸದನ್ನು ಇಳಿಸಿಕೊಂಡು ನೋಡಿ. ಮ್ಯಾಕ್ ಇರುವವರು ಒಂದು ಗಮನಿಸಿ: ಅದರ ಒಂದೇ ವೈಫೈ ಕಾರ್ಡಿನಲ್ಲಿ ವೈಫೈಯಿಂದ ಪಡೆದು ವೈಫೈಗೇ ಹಂಚಲು ಇಂಟರ್‌ನೆಟ್ ಶೇರಿಂಗ್ ಬಿಡುವುದಿಲ್ಲ. ಕೇಬಲ್‌ನಿಂದ ಪಡೆದರೆ ಹಂಚಬಹುದು.

ಇನ್ನು ಜಾಗದ ಮಾತು. ಸಿಗ್ನಲ್ ಸಿಗದ ಕೋಣೆಯಲ್ಲೇ ಲ್ಯಾಪ್‌ಟಾಪ್ ಇಡಬೇಕು ಅಂತ ಮೊದಲಿಗೆ ಯಾರಿಗಾದರೂ ಅನಿಸುತ್ತದೆ. ಹಾಗಿಟ್ಟರೆ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ತನಗೆ ಬಂದದ್ದನ್ನೇ ಮುಂದಕ್ಕೆ ಕೊಡುತ್ತದೆ. ಅದಕ್ಕೇ ಸರಿಯಾಗಿ ಸಿಗದಿದ್ದರೆ ಫೋನಿನಲ್ಲಿ ಗೆರೆಗಳು ತುಂಬ ಕಾಣಿಸುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ಫೋನ್ ತೋರಿಸುವುದು ಲ್ಯಾಪ್‌ಟಾಪಿನ ಸಿಗ್ನಲ್ಲನ್ನು, ರೌಟರಿನದ್ದನ್ನಲ್ಲ. ಹಾಗಾಗಿ ಅದನ್ನು ಇಡಬೇಕಾದ್ದು ದಾರಿಯ ನಡುವೆ, ರೌಟರಿನ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕೊನೆಯ ಜಾಗದಲ್ಲಿ.

ಆ ಜಾಗ ಹುಡುಕಲು ಅಂದಾಜು ಬೇಡ, ಅಳತೆ ಸಿಗುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'netsh wlan show interfaces' ಅಂತ ಟೈಪ್ ಮಾಡಿದರೆ ಸಿಗ್ನಲ್ ಶೇಕಡಾ ಲೆಕ್ಕದಲ್ಲಿ ಕಾಣಿಸುತ್ತದೆ. ವಿಂಡೋಸ್‌ನ ಲೆಕ್ಕದಲ್ಲಿ ಶೇ. 100 ಅಂದರೆ ಮೈನಸ್ 50 ಡಿಬಿಎಂ (ಸಿಗ್ನಲ್ ಬಲ ಅಳೆಯುವ ಮಾನ), ಶೇ. 0 ಅಂದರೆ ಮೈನಸ್ 100 ಡಿಬಿಎಂ. ವಿಡಿಯೋ ಕರೆ ಸಲೀಸಾಗಿ ನಡೆಯಬೇಕಾದರೆ ಮೈನಸ್ 67ರ ಆಸುಪಾಸಾದರೂ ಇರಲಿ ಅಂತ ವೈಫೈ ಹಾಕಿಕೊಡುವವರು ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ ಶೇ. 66. ನಾನು ತೆರೆದ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು, ಹಾಲ್‌ನಿಂದ ಕೋಣೆಯತ್ತ ನಿಧಾನವಾಗಿ ನಡೆದೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಅದೇ ಕಮಾಂಡ್ ಕೊಟ್ಟು ನೋಡಿದೆ. ಹಾಲ್‌ನಲ್ಲಿ ಶೇ. 90ರ ಮೇಲೆ. ಮನೆಯೊಳಗಿನ ಓಣಿಯ ತಿರುವಿನಲ್ಲಿ 74. ಬೀರು ದಾಟಿದ ಕೂಡಲೇ 48. ಕೋಣೆಯ ಮೇಜಿನ ಮೇಲೆ 30ಕ್ಕಿಂತ ಕಡಿಮೆ. ಸಿಗ್ನಲ್ ತಿನ್ನುತ್ತಿದ್ದದ್ದು ದೂರಕ್ಕಿಂತ ಹೆಚ್ಚಾಗಿ ಆ ಕಬ್ಬಿಣದ ಬೀರು. ಲೋಹ, ನೀರು ತುಂಬಿದ ಟ್ಯಾಂಕು, ಕಬ್ಬಿಣ ಹಾಕಿದ ಕಾಂಕ್ರೀಟು, ಇವೆಲ್ಲ ವೈಫೈಗೆ ದೊಡ್ಡ ತಡೆಗಳು. ಓಣಿಯ ತಿರುವಿನಲ್ಲಿ ಗೋಡೆಗೆ ಒಂದು ಸಣ್ಣ ಹಲಗೆ ಹೊಡೆದು ಲ್ಯಾಪ್‌ಟಾಪನ್ನು ಅಲ್ಲಿಟ್ಟೆ. ಅಲ್ಲಿಂದ ಕೋಣೆಯ ಬಾಗಿಲು ನೇರವಾಗಿ ಕಾಣುತ್ತದೆ, ಬೀರು ಅಡ್ಡ ಬರುವುದಿಲ್ಲ.

ಇನ್ನೂ ಎರಡು ಸೂಕ್ಷ್ಮಗಳಿವೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗೆ ಬಡಿದು ವಾಪಸ್ ಬಂದ ಅಲೆಗಳು ಒಂದನ್ನೊಂದು ಕಳೆಯುವ ತಾವುಗಳು ಬಹಳ ಹತ್ತಿರ ಹತ್ತಿರ ಇರುತ್ತವೆ. ಅದಕ್ಕೇ ಲ್ಯಾಪ್‌ಟಾಪನ್ನು ಒಂದು ಗೇಣು ಆಚೆ ಸರಿಸಿದರೂ ಅಂಕಿ ಬದಲಾಗುತ್ತದೆ. ಇಟ್ಟ ಮೇಲೆ ಸ್ವಲ್ಪ ಅತ್ತಿತ್ತ ಸರಿಸಿ, ತಿರುಗಿಸಿ ನೋಡಿ. ಎರಡನೆಯದು ಮುಚ್ಚಳದ ಸಂಗತಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆಂಟೆನಾ ಪರದೆಯ ಸುತ್ತಲಿನ ಚೌಕಟ್ಟಿನೊಳಗೆ ಇರುತ್ತದೆ. ಪರದೆ ಮುಚ್ಚಿದರೆ ಆಂಟೆನಾ ಮಲಗಿಬಿಡುತ್ತದೆ, ಕೀಬೋರ್ಡಿನ ಕೆಳಗಿನ ಲೋಹ ಅದಕ್ಕೆ ಅಂಟಿಕೊಂಡಂತಾಗುತ್ತದೆ. ನನ್ನದರಲ್ಲಿ ಮುಚ್ಚಿದಾಗ ಕೋಣೆಯ ಸಿಗ್ನಲ್ ಎದ್ದು ಕಾಣುವಷ್ಟು ಇಳಿಯಿತು. ಈಗ ಪರದೆ ಆಫ್ ಮಾಡಿ, ಮುಚ್ಚಳ ತೆರೆದೇ ಇಡುತ್ತೇನೆ.

ಜಾಗ ಸರಿಹೋದ ಮೇಲೆ ವೇಗ ಅಳೆದೆ. ರೌಟರಿನ ಪಕ್ಕದಲ್ಲಿ ಫೋನಿಗೆ 90 ಎಂಬಿಪಿಎಸ್ ಸಿಗುತ್ತಿದ್ದ ಕಡೆ, ಲ್ಯಾಪ್‌ಟಾಪ್ ಮೂಲಕ ಬಂದದ್ದು 40ರ ಹತ್ತಿರ. ಮುಂಚೆ ಆ ಕೋಣೆಯಲ್ಲಿ 6–7 ದಾಟುತ್ತಿರಲಿಲ್ಲ. ಹಾಗಾಗಿ ಇದೇ ದೊಡ್ಡ ಲಾಭ. ಆದರೆ ಅರ್ಧ ಯಾಕೆ ಹೋಯಿತು? ಲ್ಯಾಪ್‌ಟಾಪಿನ ಒಂದೇ ರೇಡಿಯೋ ರೌಟರಿನಿಂದ ಪಡೆಯಲೂ ಬೇಕು, ಫೋನಿಗೆ ಕಳಿಸಲೂ ಬೇಕು. ಸಾಮಾನ್ಯವಾಗಿ ಎರಡೂ ಒಂದೇ ಚಾನೆಲ್‌ನಲ್ಲಿ ನಡೆಯುತ್ತವೆ. ಒಬ್ಬರೇ ಕುಳಿತು ಒಂದು ವಾಕ್ಯ ಕೇಳಿಸಿಕೊಂಡು, ಅದನ್ನೇ ಪಕ್ಕದವರಿಗೆ ಹೇಳಿ, ಆಮೇಲೆ ಮುಂದಿನ ವಾಕ್ಯ ಕೇಳಿದ ಹಾಗೆ. ಪ್ರತಿಯೊಂದು ತುಣುಕೂ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಒಂದೇ ರೇಡಿಯೋ ಇರುವ ಅಗ್ಗದ ಎಕ್ಸ್‌ಟೆಂಡರ್‌ಗಳಲ್ಲೂ ಇದೇ ಕಥೆ. ಇದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ವೇಗ ದುಪ್ಪಟ್ಟು ಮಾಡಿಕೊಡುತ್ತೇವೆ ಅನ್ನುವ ಹಾಟ್‌ಸ್ಪಾಟ್ ಪ್ರೋಗ್ರಾಂಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ.

ನಿಜವಾದ ಪರಿಹಾರ ಎರಡು ದಾರಿ ಬೇರೆ ಮಾಡುವುದು. ಯುಎಸ್‌ಬಿ ವೈಫೈ ಡಾಂಗಲ್ ಒಂದನ್ನು ಸಿಕ್ಕಿಸಿ, ಒಳಗಿನ ಕಾರ್ಡಿನಿಂದ 5 ಗಿಗಾಹರ್ಟ್ಸ್‌ನಲ್ಲಿ ಪಡೆದು, ಡಾಂಗಲ್‌ನಿಂದ 2.4ರಲ್ಲಿ ಕಳಿಸಬಹುದು. ನಾನು ಅದಕ್ಕಿಂತ ಸರಳವಾದದ್ದು ಮಾಡಿದೆ. ರೌಟರಿನಿಂದ ಓಣಿಯ ತಿರುವಿನವರೆಗೆ ಗೋಡೆಯ ಬುಡದಲ್ಲೇ ಈಥರ್‌ನೆಟ್ ಕೇಬಲ್ ಎಳೆದೆ. ಅದು 100 ಮೀಟರ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ, ಮನೆಯೊಳಗೆ ಅಷ್ಟುದ್ದ ಬೇಕಾಗುವುದೇ ಇಲ್ಲ. ಹಾಟ್‌ಸ್ಪಾಟ್ ಪುಟದಲ್ಲಿ ಹಂಚುವ ಸಂಪರ್ಕವನ್ನು ವೈಫೈಯಿಂದ ಈಥರ್‌ನೆಟ್‌ಗೆ ಬದಲಾಯಿಸಿದೆ. ಈಗ ವೈಫೈ ಕಾರ್ಡಿಗೆ ಕಳಿಸುವುದೊಂದೇ ಕೆಲಸ. ಕೋಣೆಯಲ್ಲಿ 80ರ ಮೇಲೆ ಬರುತ್ತಿದೆ. ಕೇಬಲ್ ಎಳೆಯಲು ಸಾಧ್ಯವಿದ್ದರೆ ಎರಡನೇ ಯೋಚನೆ ಬೇಡ, ಎಳೆದುಬಿಡಿ.

ಹೆಸರಿನ ಬಗ್ಗೆ ಒಂದು ಮಾತು. ರೌಟರಿಗೂ ಲ್ಯಾಪ್‌ಟಾಪಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಅನುಕೂಲ ಅಲ್ವಾ ಅಂತ ಹಲವರು ಕೇಳುತ್ತಾರೆ. ಇಲ್ಲಿ ಅದು ತೊಂದರೆ ಕೊಡುತ್ತದೆ. ವಿಂಡೋಸ್ ಹಾಟ್‌ಸ್ಪಾಟ್ ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಳ್ಳುತ್ತದೆ, ಅದು ಸಾಧನಗಳಿಗೆ ಕೊಡುವ ಐಪಿ ವಿಳಾಸಗಳು 192.168.137ರಿಂದ ಶುರುವಾಗುತ್ತವೆ. ಫೋನ್ ಅದೇ ಹೆಸರು ನೋಡಿ ಒಂದರಿಂದ ಇನ್ನೊಂದಕ್ಕೆ ಹಾರಿದಾಗ ವಿಳಾಸ ಬದಲಾಗಿ, ನಡೆಯುತ್ತಿದ್ದ ಕರೆ ಕಡಿದುಹೋಗುತ್ತದೆ. ಬೇರೆ ಹೆಸರಿಡಿ. ಕೋಣೆಯಲ್ಲೇ ಇರುವ ಸಾಧನಗಳಲ್ಲಿ ರೌಟರಿನ ಹೆಸರಿಗೆ ತಾನಾಗಿ ಸೇರುವುದನ್ನು ಆಫ್ ಮಾಡಿ, ಇಲ್ಲದಿದ್ದರೆ ಅವು ದುರ್ಬಲ ಸಿಗ್ನಲ್ಲಿಗೇ ಜೋತುಬೀಳುತ್ತವೆ.

ಬೇರೆ ನೆಟ್‌ವರ್ಕ್ ಆದ್ದರಿಂದ ಇನ್ನೊಂದು ಪರಿಣಾಮವೂ ಇದೆ. ರೌಟರಿಗೆ ಸೇರಿದ ಪ್ರಿಂಟರ್, ಟಿವಿ ಇವು ಕೋಣೆಯ ಫೋನಿಗೆ ತಾವಾಗಿ ಕಾಣಿಸುವುದಿಲ್ಲ. ಪ್ರಿಂಟರಿಗೆ ರೌಟರಿನಲ್ಲಿ ಒಂದು ಕಾಯಂ ಐಪಿ ವಿಳಾಸ ಕೊಟ್ಟು, ಆ ವಿಳಾಸವನ್ನೇ ಕೈಯಾರೆ ಟೈಪ್ ಮಾಡಿ ಸೇರಿಸಿದೆ. ಕೆಲಸ ಮಾಡುತ್ತದೆ. ಟಿವಿಗೆ ಫೋನಿನಿಂದ ಕಾಸ್ಟ್ ಮಾಡುವಾಗ ಮಾತ್ರ ಫೋನನ್ನು ರೌಟರಿಗೇ ಸೇರಿಸಿಕೊಳ್ಳುತ್ತೇನೆ.

ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ಹಾಟ್‌ಸ್ಪಾಟೂ ಹೋಯಿತು. ಪವರ್ ಸೆಟ್ಟಿಂಗ್‌ನಲ್ಲಿ ಚಾರ್ಜರ್ ಹಾಕಿರುವಾಗ ಸ್ಲೀಪ್ ಬೇಡ ಅಂತ ಹಾಕಿ, ಪರದೆ ಮಾತ್ರ ಆರಲಿ. ಹಾಟ್‌ಸ್ಪಾಟ್ ಪುಟದಲ್ಲೇ ಪವರ್ ಸೇವಿಂಗ್ ಅನ್ನುವುದೊಂದಿದೆ. ಯಾರೂ ಸೇರಿಲ್ಲದಾಗ ಅದು ಹಾಟ್‌ಸ್ಪಾಟನ್ನೇ ಆಫ್ ಮಾಡುತ್ತದೆ, ಅದನ್ನೂ ತೆಗೆಯಿರಿ. ದಿನವಿಡೀ ಚಾರ್ಜರಿನಲ್ಲಿ ಇರುವುದರಿಂದ ಬ್ಯಾಟರಿ ಶೇ. 80ಕ್ಕೆ ನಿಲ್ಲುವ ಆಯ್ಕೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದರೆ ಬಳಸಿ. ಬ್ಯಾಟರಿ ಉಬ್ಬಿದ್ದರೆ ಆ ಲ್ಯಾಪ್‌ಟಾಪನ್ನು ಈ ಕೆಲಸಕ್ಕೆ ಇಡಲೇಬೇಡಿ. ಕೆಳಗಿನ ಗಾಳಿ ಕಿಂಡಿ ಮುಚ್ಚದ ಹಾಗೆ ಹಲಗೆಯ ಮೇಲೆ ಎರಡು ಕಟ್ಟಿಗೆ ಪಟ್ಟಿ ಇಟ್ಟು ಕೂರಿಸಿದ್ದೇನೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಯಂತ್ರಕ್ಕೆ ವಿಂಡೋಸ್ 11 ಹಿಡಿಯುವುದಿಲ್ಲ. ಸದಾ ನೆಟ್‌ವರ್ಕಿನಲ್ಲೇ ಇರುವ ಯಂತ್ರಕ್ಕೆ ಭದ್ರತೆಯ ಅಪ್‌ಡೇಟ್ ಇರಲೇಬೇಕು. ಹಾಗಾಗಿ ಅದರಲ್ಲಿ ವಿಂಡೋಸ್ ಬದಲಿಗೆ ಉಬುಂಟು ಅನ್ನುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದೆ. ಕೇಬಲ್ ಸಿಕ್ಕಿಸಿದ್ದರೆ ವೈಫೈ ಸೆಟ್ಟಿಂಗ್‌ನಲ್ಲೇ ಹಾಟ್‌ಸ್ಪಾಟ್ ಆನ್ ಮಾಡುವ ಆಯ್ಕೆ ಸಿಗುತ್ತದೆ. ಅಲ್ಲಿ ವಿಳಾಸಗಳು 10.42.0ರಿಂದ ಶುರುವಾಗುತ್ತವೆ, ಉಳಿದದ್ದೆಲ್ಲ ಹಾಗೇ. ವಿಂಡೋಸ್‌ನಲ್ಲಿ ಯಂತ್ರ ರೀಸ್ಟಾರ್ಟ್ ಆದಾಗೆಲ್ಲ ಹಾಟ್‌ಸ್ಪಾಟನ್ನು ಮತ್ತೆ ನಾನೇ ಆನ್ ಮಾಡಬೇಕಿತ್ತು. ಇಲ್ಲಿ ಆ ಹಾಟ್‌ಸ್ಪಾಟ್ ಸಂಪರ್ಕಕ್ಕೆ ಆಟೋ ಕನೆಕ್ಟ್ ಒಂದು ಸಲ ಹಾಕಿಟ್ಟೆ. ಕರೆಂಟ್ ಹೋಗಿ ಬಂದು ಯಂತ್ರ ಮತ್ತೆ ಶುರುವಾದರೂ ಕೋಣೆಯ ವೈಫೈ ತಾನೇ ಮೇಲೆದ್ದು ಬರುತ್ತದೆ.