ಮಡಚು ಚಾಕುವಿನ ಸ್ಕ್ರೂ ಸಡಿಲವಾಗದಂತೆ ನಾನು ಮಾಡಿಕೊಂಡಿದ್ದು

ನಮ್ಮ ಮೂಡಿಗೆರೆ ಕಡೆ ತೋಟದಲ್ಲಿ ಮಡಚು ಚಾಕು ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು. ಮೊದಲು ಅಲಗು ಚೂರು ಆಚೀಚೆ ಅಲ್ಲಾಡುತ್ತದೆ. ಆಮೇಲೆ ಜೇಬಿಗೆ ಸಿಕ್ಕಿಸುವ ಕ್ಲಿಪ್ ವಾಲುತ್ತದೆ. ಕೊನೆಗೆ ಒಂದು ಸ್ಕ್ರೂನೇ ಕಾಣೆ. ಅಕ್ಕಿಕಾಳಿನಷ್ಟಿರುವ ಸ್ಕ್ರೂ ಕಾಫಿ ಗಿಡದ ಬುಡದ ತರಗೆಲೆಗೆ ಬಿದ್ದರೆ ಸಿಗುವ ಮಾತೇ ಇಲ್ಲ.

ನನ್ನದು ದಿನಾ ಕೆಲಸದ ಚಾಕು. ಮೆಣಸಿನ ಬಳ್ಳಿ ಕಟ್ಟುವಾಗ ಹುರಿ ಕೊಯ್ಯಬೇಕು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು. ತೆಗೆಯುವುದು, ಮಡಚುವುದು, ಇದೇ ಆಯ್ತು. ಸಡಿಲವಾಗಲು ಕಾರಣವೂ ಅದೇ. ಅಲಗು ಸುತ್ತುವುದು ನಡುವಿನ ಸ್ಕ್ರೂ ಮೇಲೆ. ತಿರುಗುವಾಗ ವಾಷರ್ ಮೂಲಕ ಅದನ್ನೂ ಜೊತೆಗೆ ಎಳೆಯುತ್ತದೆ. ಕೆಲವು ಚಾಕುಗಳಲ್ಲಿ ನಡುವಿನ ಪಿನ್ನಿನ ಒಂದು ಬದಿ ಚಪ್ಪಟೆಯಾಗಿರುತ್ತದೆ, ಹಿಡಿಯ ತೂತೂ ಅದೇ ಆಕಾರ. ಹಾಗಾಗಿ ಪಿನ್ ಸುತ್ತುವುದಿಲ್ಲ. ಪೂರ್ತಿ ದುಂಡು ಪಿನ್ ಆದರೆ ಬಿಗಿ ಮಾಡಲು ಎರಡೂ ಕಡೆಯಿಂದ ಹಿಡಿಯಬೇಕು. ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಕ್ಲಿಪ್ಪಿನ ಕಥೆ ಬೇರೆ. ಜೇಬಿನಿಂದ ಎಳೆದಾಗಲೆಲ್ಲ ಅದು ಎದ್ದು ಕೂರುತ್ತದೆ, ಆ ಎಳೆತವೆಲ್ಲ ಪುಟ್ಟ ಸ್ಕ್ರೂಗಳ ಮೇಲೆ. ಚಾಕು ಜೇಬಲ್ಲಿಟ್ಟುಕೊಂಡು ಕಳೆ ಹೊಡೆಯುವ ಮೆಷಿನ್ ಹಿಡಿದರಂತೂ ಅದರ ನಡುಕವೂ ಸೇರಿಕೊಳ್ಳುತ್ತದೆ.

ಸುಮ್ನೆ ಗಟ್ಟಿಯಾಗಿ ತಿರುಗಿಸಿ ಪ್ರಯೋಜನವಿಲ್ಲ. ನಡುವಿನದು ಜಾಸ್ತಿ ಬಿಗಿಯಾದರೆ ಚಾಕು ತೆರೆಯುವುದೇ ಕಷ್ಟ. ಕ್ಲಿಪ್ಪಿನ ಸ್ಕ್ರೂ ಆದರೆ ತಲೆಯ ಗುಳಿ ಸವೆಯುತ್ತದೆ. ಬೇಕಾಗಿರುವುದು ಥ್ರೆಡ್‌ಲಾಕರ್, ಅಂದರೆ ಸ್ಕ್ರೂ ಸಡಿಲವಾಗದಂತೆ ಅದರ ಥ್ರೆಡ್ಡಿಗೆ ಸವರುವ ಅಂಟು. ಬೈಕ್ ಮೆಕ್ಯಾನಿಕ್‌ಗಳು ಬಳಸುವ ಲಾಕ್‌ಟೈಟ್ ಇದೇ. 1953ರಲ್ಲಿ ಅಮೆರಿಕದ ಪ್ರೊಫೆಸರ್ ವರ್ನನ್ ಕ್ರೀಬಲ್ ಮಾಡಿದ್ದು. ಗಾಳಿ ತಾಗುತ್ತಿರುವ ತನಕ ದ್ರವ. ಲೋಹದ ಸಂದಿಯಲ್ಲಿ ಗಾಳಿ ಸಿಗದೇ ಹೋದರೆ ಗಟ್ಟಿ. ಹೊಸ ಬಾಟಲಿ ಪೂರ್ತಿ ತುಂಬಿಲ್ಲ ಅಂತ ಅಂಗಡಿಯವನ ಜೊತೆ ಜಗಳ ಬೇಡ, ಒಳಗೆ ಗಾಳಿ ಇದ್ದರೇ ಅದು ಕೆಡದೆ ಉಳಿಯುವುದು.

ಸಣ್ಣ ಸ್ಕ್ರೂಗಳಿಗೆ ಲಾಕ್‌ಟೈಟ್‌ನಲ್ಲಿ ನೇರಳೆ ಬಣ್ಣದ 222 ನಂಬರಿನದು ಸರಿಯಾದದ್ದು. ಸಿಗದಿದ್ದರೆ ನೀಲಿಯ 243 ಸಾಕು, ಸ್ವಲ್ಪ ಎಣ್ಣೆ ಜಿಡ್ಡಿದ್ದರೂ ಅದು ಹಿಡಿಯುತ್ತದೆ. ಕೆಂಪು 271 ಮಾತ್ರ ಚಾಕುವಿನ ಹತ್ತಿರ ತರಬೇಡಿ. ಅದನ್ನು ಬಿಡಿಸಲು ಸುಮಾರು 250 ಡಿಗ್ರಿ ಬಿಸಿ ಬೇಕು. ಅಷ್ಟು ಹೊತ್ತಿಗೆ ಹಿಡಿ ಹಾಳಾಗಿರುತ್ತದೆ.

ನನ್ನ ಪ್ರಕಾರ ಅರ್ಧ ಕೆಲಸ ಶುಚಿ ಮಾಡುವುದರಲ್ಲೇ ಇದೆ. ಸ್ಕ್ರೂಗಳ ತಲೆ ಆರು ಮೂಲೆಯ ನಕ್ಷತ್ರದ್ದು. ಹೆಚ್ಚಾಗಿ ಟಿ6 ಅಥವಾ ಟಿ8 ಬಿಟ್ ಸಾಕು. ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತೇನೆ. ಥ್ರೆಡ್ಡಿನ ಸಂದಿಯಲ್ಲಿ ಹಳೇ ಲಾಕರ್ ಒಣಗಿ ನೀಲಿ ಪುಡಿಯಾಗಿ ಕೂತಿರುತ್ತದೆ. ಬಾಳೆ ಕಂಬ ಕೊಯ್ದಿದ್ದರೆ ಅದರ ರಸವೂ ಕಪ್ಪಗೆ ಅಂಟಿಕೊಂಡಿರುತ್ತದೆ. ಸೂಜಿ ಮೊನೆಯಿಂದ ಸುತ್ತು ಸುತ್ತಾಗಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಲು ಬಿಡುತ್ತೇನೆ. ಸೀಮೆಎಣ್ಣೆಯಲ್ಲಿ ತೊಳೆದರೆ ಜಿಡ್ಡು ಉಳಿಯುತ್ತದೆ. ಮಳೆಗಾಲದಲ್ಲಿ ಒಣಗುವುದೂ ಒಂದು ಕೆಲಸ ಅಲ್ವಾ, ನಾನು ಬಲ್ಬಿನ ಕೆಳಗೆ ಇಡುತ್ತೇನೆ.

ಲಾಕರ್ ಬಾಟಲಿಯಿಂದ ನೇರವಾಗಿ ಹಾಕಬಾರದು, ಜಾಸ್ತಿ ಬೀಳುತ್ತದೆ. ಹಲ್ಲುಕಡ್ಡಿಯ ತುದಿಗೆ ಮುಟ್ಟಿಸಿ, ಸ್ಕ್ರೂವಿನ ತುದಿಯ ಎರಡು ಮೂರು ಸುತ್ತಿಗೆ ಮಾತ್ರ ಸವರುತ್ತೇನೆ. ಹೆಚ್ಚಾದದ್ದು ಸೀದಾ ವಾಷರ್‌ಗೆ ಇಳಿದು ಅಲಗನ್ನೇ ಹಿಡಿದುಕೊಳ್ಳುತ್ತದೆ. ಅಲಗಿಗೆ ಎಣ್ಣೆ ಹಾಕುವುದಿದ್ದರೆ ಮೊದಲು ವಾಷರ್‌ಗೆ ಒಂದು ಹನಿ ಎಣ್ಣೆ, ಆಮೇಲೆ ಲಾಕರ್. ಎರಡೂ ಕಲೆಯದಂತೆ ನೋಡಿಕೊಂಡರೆ ಆಯ್ತು.

ಮೊದಲು ಕ್ಲಿಪ್, ಹಿಡಿಯ ಸ್ಕ್ರೂಗಳು. ನಡುವಿನದನ್ನು ಕೊನೆಗೆ ಹಾಕುತ್ತೇನೆ. ಅಲಗು ಬಿಗಿಯಾಗುವ ತನಕ ತಿರುಗಿಸಿ, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ. ತೆರೆದು ನೋಡುವುದು, ಅಲ್ಲಾಡಿಸಿ ನೋಡುವುದು, ಮತ್ತೆ ಚೂರು. ಇದನ್ನು ಕೆಲವೇ ನಿಮಿಷದಲ್ಲಿ ಮುಗಿಸಬೇಕು, ಯಾಕೆಂದರೆ ಅದು ಹಿಡಿಯಲು ಶುರು ಮಾಡಿದ ಮೇಲೆ ತಿರುಗಿಸಿದರೆ ಬೆಸುಗೆ ಒಡೆಯುತ್ತದೆ. ಆಮೇಲೆ 24 ಗಂಟೆ ಮುಟ್ಟುವಂತಿಲ್ಲ. ಸ್ಟೇನ್‌ಲೆಸ್ ಸ್ಕ್ರೂ ಆದರೆ ಇನ್ನೂ ನಿಧಾನ.

ಮುಂದೆ ಬಿಚ್ಚಬೇಕಾದಾಗ ನೀಲಿ ಮೊಂಡು ಹಿಡಿದರೆ, ಬಿಸಿ ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತೇನೆ, ಬಿಡುತ್ತದೆ.

ಹಿಡಿ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದಾದರೆ ಇದ್ಯಾವುದೂ ಬೇಡ, ಲಾಕರ್ ತಾಗಿ ಬಿರುಕು ಬಿಡುವ ಸಾಧ್ಯತೆ ಇದೆ. ಅಂಥ ಚಾಕುವಿಗೆ ನಾನು ನಲ್ಲಿ ಕೆಲಸದ ಟೆಫ್ಲಾನ್ ಟೇಪನ್ನು ಸಣ್ಣಗೆ ಸೀಳಿ, ಥ್ರೆಡ್ ಮೇಲೆ ಒಂದು ಸುತ್ತು ಸುತ್ತಿ ತಿರುಗಿಸುತ್ತೇನೆ. ಲಾಕರ್‌ನಷ್ಟು ಬಾಳಿಕೆ ಬರುವುದಿಲ್ಲ, ಆಗಾಗ ನೋಡುತ್ತಿರಬೇಕು.