ಬಿಡುಗಡೆ ಸಮಾರಂಭವಿಲ್ಲದೆ ಪುಸ್ತಕ ಮಾರಿದ ಬಗೆ

ಅಡಿಕೆ ತೋಟದ ಬದುಕಿನ ಕುರಿತು ನಾನು ಬರೆದ ಪ್ರಬಂಧಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಲು ಹೊರಟಾಗ ಶಿರಸಿಯ ಸ್ನೇಹಿತರಲ್ಲಿ ಹೆಚ್ಚಿನವರು ಕೇಳಿದ್ದು ಬಿಡುಗಡೆ ಯಾವಾಗ, ಅಧ್ಯಕ್ಷತೆ ಯಾರದು ಎಂದೇ. ಸಭಾಂಗಣದ ಬಾಡಿಗೆ, ಬ್ಯಾನರು, ಆಮಂತ್ರಣ ಪತ್ರಿಕೆ, ಅತಿಥಿಗಳ ಪ್ರಯಾಣ, ಶಾಲು, ಹಾರ, ಹಣ್ಣಿನ ಬುಟ್ಟಿ, ಬಂದವರಿಗೆ ಉಪ್ಪಿಟ್ಟು ಮತ್ತು ಕೇಸರಿಬಾತು ಎಂದು ಬರೆದು ಕೂಡಿಸಿದರೆ ಆ ಹಣದಲ್ಲಿ ಇನ್ನೂ ಇನ್ನೂರು ಪ್ರತಿಗಳನ್ನು ಮುದ್ರಿಸಬಹುದಿತ್ತು. ಸಮಾರಂಭಕ್ಕೆ ಬರುವವರಲ್ಲಿ ಬಹುಪಾಲು ನಮ್ಮ ನೆಂಟರು, ಇಷ್ಟರು. ಅವರು ಹೇಗಿದ್ದರೂ ಒಂದು ಪ್ರತಿ ಕೊಳ್ಳುತ್ತಾರೆ, ಅಥವಾ ಗೌರವ ಪ್ರತಿ ನಿರೀಕ್ಷಿಸುತ್ತಾರೆ. ಆದ್ದರಿಂದ ಸಮಾರಂಭವನ್ನು ಕೈಬಿಟ್ಟು, ನನ್ನನ್ನು ತಿಳಿಯದವರಿಗೆ ಪುಸ್ತಕ ತಲುಪಿಸುವುದಕ್ಕೆ ಮಾತ್ರ ಹಣ ಖರ್ಚು ಮಾಡಬೇಕೆಂದು ನಿಶ್ಚಯಿಸಿದೆ.

ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಡೆಮಿ 1/8 ಆಕಾರದ 160 ಪುಟಗಳು, ಅಂದರೆ ಹದಿನಾರು ಪುಟಗಳ ಹತ್ತು ಫಾರಂ; ಬೆಲೆ 200 ರೂಪಾಯಿ; ಡಿಜಿಟಲ್ ಮುದ್ರಣದಲ್ಲಿ ಪ್ರತಿಯೊಂದಕ್ಕೆ ಬಿದ್ದದ್ದು ಸುಮಾರು 80 ರೂಪಾಯಿ. ಅಂಗಡಿಗೆ ನೂರಕ್ಕೆ ನಲವತ್ತರ ರಿಯಾಯಿತಿಯಲ್ಲಿ ಕೊಟ್ಟರೆ ಉಳಿಯುವುದು 40 ರೂಪಾಯಿ, ಅದೂ ಹಣ ವಸೂಲಾದ ಮೇಲೆ. ಓದುಗರಿಗೆ ನಾನೇ ನೇರವಾಗಿ ಮಾರಿದರೆ ಅಂಚೆ ವೆಚ್ಚ ಕಳೆದರೂ ಅದರ ಎರಡರಷ್ಟು ಉಳಿಯುತ್ತದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಯುಪಿಐ ಮೂಲಕ ನನ್ನ ಖಾತೆಗೆ ಬರುವ ಹಣಕ್ಕೆ ಕಡಿತವಿಲ್ಲ. ಇಷ್ಟು ಅನುಕೂಲವಿರುವಾಗ ಐಎಸ್‌ಬಿಎನ್ ಕೊಡಿಸುವುದಕ್ಕೂ ಶುಲ್ಕ ಕೇಳುವ, ಲೇಖಕರಿಂದ ಹಣ ಪಡೆದು ಪುಸ್ತಕ ಹೊರತರುವವರ 'ಪ್ರಕಾಶನ ಪ್ಯಾಕೇಜ್' ಬೇಕಾಗಲಿಲ್ಲ.

ಅಚ್ಚಿಗೆ ಬೇಕಾದ ಹಣದ ಒಂದು ಭಾಗವನ್ನು ಪ್ರಕಟಣಪೂರ್ವ ರಿಯಾಯಿತಿಯಿಂದ ಕೂಡಿಸಿದೆ. ಇದು ಕನ್ನಡಕ್ಕೆ ಹೊಸತಲ್ಲ, ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಬೆಳೆದದ್ದೇ ಮುಂಗಡವಾಗಿ ಹಣ ಕಟ್ಟುವ ಚಂದಾದಾರರ ಬಲದಿಂದ. ಚಂದಾದಾರರಿಗಾಗಿ ಜೋಶಿಯವರು ಊರೂರು ಅಲೆಯಬೇಕಿತ್ತು, ನನಗೆ ವಾಟ್ಸ್‌ಆ್ಯಪ್ ಇತ್ತು. ಮುದ್ರಣಕ್ಕೆ ಮೊದಲೇ ಕೊಳ್ಳುವವರಿಗೆ 140 ರೂಪಾಯಿ ಎಂದು ತಿಳಿಸಿದೆ. ಆದರೆ ಮುಖಪುಟದ ಚಿತ್ರ ಕಳುಹಿಸಿದಾಗ ಬಂದದ್ದು ಅಭಿನಂದನೆ ಮತ್ತು ಹೂಗುಚ್ಛದ ಗುರುತುಗಳು ಮಾತ್ರ. ಹಣ ತಂದದ್ದು ಪುಸ್ತಕದ ಒಂದೇ ಒಂದು ಪುಟ. ಮಳೆ ಹೊಳವಾದ ಸ್ವಲ್ಪ ಹೊತ್ತಿನಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆದು ಮುಗಿಸಬೇಕೆಂದು ಮರದಿಂದ ಮರಕ್ಕೆ ದಾಟುವ ಕೊನೆಗೌಡನನ್ನೂ (ಅಡಿಕೆ ಮರ ಹತ್ತುವ ಕೆಲಸಗಾರ), ಕೆಳಗೆ ಮೈಲುತುತ್ತ ಮತ್ತು ಸುಣ್ಣ ಕಲಸುತ್ತ ಆಕಾಶ ನೋಡುವ ಯಜಮಾನನನ್ನೂ ಕುರಿತ ಪುಟ ಅದು. ಅದರ ಕೆಳಗೆ ಪುಸ್ತಕದ ಹೆಸರು, ಬೆಲೆ, ಫೋನ್ ಸಂಖ್ಯೆ ಬಿಟ್ಟು ಬೇರೇನೂ ಬರೆಯಲಿಲ್ಲ. ತೋಟವಿದ್ದವರು ಅದನ್ನು ತೋಟವಿದ್ದ ಇನ್ನೊಬ್ಬರಿಗೆ ದಾಟಿಸಿದರು. ತೀರ್ಥಹಳ್ಳಿಯಿಂದ, ಸುಳ್ಯದಿಂದ, ತೋಟ ಬಿಟ್ಟು ಬೆಂಗಳೂರು ಸೇರಿದ ಮಕ್ಕಳಿಂದ ಕರೆಗಳು ಬಂದವು.

ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ, ಒಂದೇ ಸಂದೇಶವನ್ನು ಒಟ್ಟಿಗೆ ಕಳುಹಿಸಲು, 256 ಮಂದಿಯನ್ನು ಸೇರಿಸಬಹುದು. ಆದರೆ ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದನ್ನು ಹಲವು ಲೇಖಕರು ಗಮನಿಸುವುದಿಲ್ಲ. ನಾನು ಪ್ರತಿ ಪೊಟ್ಟಣದೊಳಗೆ, ಸಂಖ್ಯೆಯನ್ನು ಸೇವ್ ಮಾಡಿಕೊಂಡು ಒಂದು ಸಾಲು ಬರೆದು ಕಳುಹಿಸಿ ಎಂಬ ಚೀಟಿ ಇಡುತ್ತಿದ್ದೆ.

ಅಂಚೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಣ್ಣ ಪ್ರಕಾಶಕರ ಲಾಭ ಸೋರಿಹೋಗುವುದು ಇಲ್ಲಿಯೇ. ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. 2025ರ ಮೇ 1ರಿಂದ ಬಂದ, ಪುಸ್ತಕಗಳನ್ನು ಕಳುಹಿಸುವ ಅಂಚೆ ಸೇವೆಯಾದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಜೊತೆಗೆ ತೆರಿಗೆ. ಪಠ್ಯಪುಸ್ತಕಗಳಿಗೆ ಮತ್ತು ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಈ ದರ ಅನ್ವಯಿಸುತ್ತದೆ. ನೆಲಮಾರ್ಗದಲ್ಲಿ ಸಾಗುವುದರಿಂದ ನಿಧಾನ, ಆದರೆ ಪೊಟ್ಟಣ ಎಲ್ಲಿದೆ ಎಂದು ನೋಡಬಹುದು. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದ ನನ್ನ ಪುಸ್ತಕ 190 ಗ್ರಾಂ ಆಸುಪಾಸು ತೂಗುತ್ತದೆ. ಎರಡು ಬದಿಗೆ ರಟ್ಟು, ಮಳೆಗಾಲವಾದರೆ ಒಳಗೊಂದು ಪ್ಲಾಸ್ಟಿಕ್ ಹಾಳೆ ಸೇರಿದರೂ ಮೊದಲ ದರದಲ್ಲಿಯೇ ಹೋಗುತ್ತದೆ. ದಪ್ಪ ಕಾಗದ, ಗಟ್ಟಿ ರಟ್ಟಿನ ಹೊದಿಕೆ ಬೇಕೆನ್ನುವವರು ಅಚ್ಚಿಗೆ ಕೊಡುವ ಮೊದಲೇ ತಕ್ಕಡಿಯನ್ನೂ ನೆನಪಿಸಿಕೊಳ್ಳುವುದು ಒಳ್ಳೆಯದು.

ಕೈಯಲ್ಲಿ ಹಿಡಿದು ಮಾರುವುದಕ್ಕೆ ಜನಸಂದಣಿಗಿಂತ ಬಿಡುವಿರುವ ಜನ ಮುಖ್ಯ. ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ, ಆದರೆ ಬಳೆ, ಬತ್ತಾಸು, ತೊಟ್ಟಿಲ ನಡುವೆ ಪುಸ್ತಕದತ್ತ ನೋಡಲು ಯಾರಿಗೂ ಪುರುಸೊತ್ತಿಲ್ಲ. ಸಹಕಾರಿ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಹಾಗಲ್ಲ: ಸಹಿ ಹಾಕಿ ಊಟಕ್ಕಾಗಿ ಕಾಯುವ ಸದಸ್ಯರು ಮೇಜಿನ ಮೇಲಿನ ಪುಸ್ತಕವನ್ನು ಎತ್ತಿ, ಪುಟ ತಿರುವಿ, ತಮ್ಮೂರಿನ ಹೆಸರಿದೆಯೇ ಎಂದು ಹುಡುಕುತ್ತಾರೆ. ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಪ್ರತಿಯನ್ನು ದಾರದಿಂದ ಕಟ್ಟಿ ಇಟ್ಟದ್ದೂ ಫಲ ಕೊಟ್ಟಿತು. ಅಂಗಡಿಯವರು ಮಾರಿದ ಪ್ರತಿಗೆ 30 ರೂಪಾಯಿ ಕಮಿಷನ್ ಸಾಕೆಂದರು. ಸಾಹಿತ್ಯ ಓದದ ಜನ ಎಂದು ಕೃಷಿಕರನ್ನು ಬದಿಗಿಡುವುದು ಸರಿಯಲ್ಲ. 1988ರಿಂದ ಪುತ್ತೂರಿನಿಂದ ಹೊರಬರುತ್ತಿರುವ 'ಅಡಿಕೆ ಪತ್ರಿಕೆ' ಕೃಷಿಕರನ್ನೇ ಬರಹಗಾರರನ್ನಾಗಿ ಮಾಡಿಕೊಂಡು ಬೆಳೆದಿದೆ. ಹಿಂದಿನ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ್ದನ್ನು ನೆನೆದರೆ ಗೊಬ್ಬರದ ಅಂಗಡಿಯ ಮುಂದೆ ನಿಲ್ಲುವುದಕ್ಕೆ ಲೇಖಕನಿಗೆ ಯಾವ ಸಂಕೋಚವೂ ಬೇಡ.

ಒಟ್ಟಾಗಿ ಹೆಚ್ಚು ಪ್ರತಿಗಳು ಹೋದದ್ದು ಉಪನಯನ, ಮದುವೆ, ಅರವತ್ತರ ಶಾಂತಿಯ ಮನೆಗಳಿಗೆ. ತಾಂಬೂಲದ ಜೊತೆ ಸ್ಟೀಲ್ ಡಬ್ಬಿಯ ಬದಲು ಪುಸ್ತಕ ಕೊಡುವ ರೂಢಿ ನಮ್ಮ ಕಡೆ ಈಗ ಅಲ್ಲಲ್ಲಿ ಇದೆ. ಐವತ್ತಕ್ಕಿಂತ ಹೆಚ್ಚು ಕೊಂಡವರಿಗೆ 130 ರೂಪಾಯಿಗೆ ಕೊಟ್ಟು, ಮನೆತನದ ಹೆಸರು ಮತ್ತು ದಿನಾಂಕವಿರುವ ಚಿಕ್ಕ ಚೀಟಿಯನ್ನು ಒಳಪುಟಕ್ಕೆ ನಾನೇ ಅಂಟಿಸಿಕೊಟ್ಟೆ.

ಪತ್ರಿಕೆಗಳಿಗೆ ವಿಮರ್ಶೆಗೆಂದು ಕಳುಹಿಸಿದ ಪ್ರತಿಗಳು ಹೆಚ್ಚಾಗಿ, ಬಂದ ಪುಸ್ತಕಗಳ ಪಟ್ಟಿಯಾದ 'ಸಾದರ ಸ್ವೀಕಾರ'ದ ಒಂದು ಸಾಲಾಗಿ ಮುಗಿದವು. ಫೇಸ್‌ಬುಕ್ ಜಾಹೀರಾತಿಗೆ ದಿನಕ್ಕೆ ನೂರು ರೂಪಾಯಿ ಹಾಕಿದರೆ ಲೈಕುಗಳು ಸಿಗುತ್ತವೆ. 200 ರೂಪಾಯಿಯ ಪುಸ್ತಕಕ್ಕೆ ಆ ಖರ್ಚು ಹೊರಲಾರದ್ದು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವುದು ಅಗತ್ಯ, ಆದರೆ ಆಯ್ಕೆ ಸಮಿತಿಯ ತೀರ್ಮಾನದ ಮೇಲೆ ಮುದ್ರಕರ ಬಾಕಿಯನ್ನು ನಿಲ್ಲಿಸಿಕೊಳ್ಳಬಾರದು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ನನ್ನ ವಯಸ್ಸು ಅದರ ಮಿತಿಯನ್ನು ಎಂದೋ ದಾಟಿದೆ.

ಕೊಂಡವರ ಹೆಸರು, ಊರು, ಪುಸ್ತಕದ ಸುದ್ದಿ ಅವರಿಗೆ ಎಲ್ಲಿಂದ ತಿಳಿಯಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುತ್ತ ಬಂದಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ಆ ಪುಟದ ಹೆಸರೇ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬರುತ್ತದೆ. ಹೀಗಾಗಿ ಎರಡನೆಯ ಮುದ್ರಣಕ್ಕೆ ಕೊಡುವಾಗ ಹಿಂಬದಿಯ ರಕ್ಷಾಪುಟದಲ್ಲಿದ್ದ ಮುನ್ನುಡಿಯ ಹೊಗಳಿಕೆಯ ಸಾಲುಗಳನ್ನು, ಬರೆದ ಹಿರಿಯರ ಒಪ್ಪಿಗೆ ಪಡೆದು ತೆಗೆಸಿ, ಅಲ್ಲಿ ಕೊನೆಗೌಡನ ಪುಟವನ್ನೇ ಹಾಕಿಸಿದ್ದೇನೆ.